ಕೆಂಪು ದಾರದ ಸಸಿಗಳು

ದೇವರನ್ನು ನಂಬುವವಳು ನಾನು. ಆದರೆ ಯಾರಾದರೂ ಪಟದಿಂದ ವಿಭೂತಿ ಉದುರಿತು ಎಂದರೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಇದನ್ನು ಓದಿ ನೀವೂ ಹಾಗೆ ಎದ್ದು ಹೋದರೆ ನನಗೆ ಬೇಸರವಿಲ್ಲ.

ತೊಂಬತ್ತರ ದಶಕದ ಕೊನೆ. ದಟ್ಟಗಳ್ಳಿಯಲ್ಲಿ ಮನೆ ಕಟ್ಟಿದ ಹೊಸತು. ಸುತ್ತ ಬರೀ ಖಾಲಿ ಸೈಟು. ನಮ್ಮ ಮಹಡಿಯ ಕೋಣೆಯಲ್ಲಿ ಸುಜಾತ ಎಂಬ ಹುಡುಗಿ ಬಾಡಿಗೆಗಿದ್ದಳು. ಕೊಳ್ಳೇಗಾಲದ ಕಡೆಯವಳು, ವಿಶ್ವವಿದ್ಯಾನಿಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಬೋಳು ಗುಡ್ಡಗಳಲ್ಲಿ ಯಾವ ಕಾಡುಮರ ಕಡಿಮೆ ನೀರಿಗೆ ಬದುಕುತ್ತದೆ ಎನ್ನುವುದು ಅವಳ ಸಂಶೋಧನೆ. ತಾರಸಿಯ ಮೇಲೆ ಪ್ಲಾಸ್ಟಿಕ್ ಚಪ್ಪರ, ಅದರಡಿ ಸಾಲುಸಾಲು ಸಸಿಗಳು. ಕೆಂಪು ದಾರ ಕಟ್ಟಿದವಕ್ಕೆ ದಿನಾ ಒಂದು ಲೋಟ ನೀರು, ಉಳಿದವಕ್ಕೆ ವಾರಕ್ಕೊಮ್ಮೆ. ಎರಡನ್ನೂ ಬೇಕೆಂದೇ ಬೆರೆಸಿ ಇಟ್ಟಿದ್ದಳು.

"ಗಿಡಕ್ಕೆ ನೀರು ಹಾಕೋದಕ್ಕೂ ಡಾಕ್ಟ್ರು ಪಟ್ಟ ಕೊಡ್ತಾರೇನಮ್ಮ?" ಎಂದು ನಮ್ಮವರು ಛೇಡಿಸಿದರೆ, "ಹಾಕದೇ ಇರೋದಕ್ಕೂ ಕೊಡ್ತಾರೆ ಅಂಕಲ್" ಎನ್ನುತ್ತಿದ್ದಳು.

ಆ ಬೇಸಿಗೆಯ ಪ್ರಯೋಗ ಕೆಟ್ಟರೆ ಅವಳ ಓದು ಮುಗಿದಂತೆಯೇ. ಇನ್ನೊಂದು ವರ್ಷ ಕಾಯುವುದಿಲ್ಲ, ಮದುವೆ ಮಾಡಿಬಿಡುತ್ತೇನೆ ಎಂದು ಅವಳಪ್ಪ ಕಡ್ಡಿ ಮುರಿದಂತೆ ಹೇಳಿದ್ದರು.

ಏಪ್ರಿಲ್ಲಿನಲ್ಲಿ ಅವಳು ಕೀಲಿಕೈಯನ್ನೂ ಸಸಿಗಳನ್ನೂ ನನಗೆ ಒಪ್ಪಿಸಿ ಕಾಡಿನ ಕೆಲಸಕ್ಕೆ ಹೋದಳು. ಮಾರನೆಯ ದಿನವೇ ಹಾಸನದಲ್ಲಿ ನಮ್ಮಮ್ಮ ಬಿದ್ದರೆಂದು ಫೋನ್ ಬಂತು. ಮನೆಗೆ ಬೀಗ ಹಾಕಿ, ಉಟ್ಟ ಸೀರೆಯಲ್ಲೇ ನಮ್ಮವರ ಜೊತೆ ಹೊರಟೆ. ಸೊಂಟ ಮುರಿದಿರಲಿಲ್ಲ, ಅದೊಂದು ಪುಣ್ಯ. ಅಮ್ಮ ಎದ್ದು ಕೂರುವ ಹೊತ್ತಿಗೆ ನಾಲ್ಕೈದು ದಿನ ಕಳೆದಿತ್ತು. ಸಸಿಗಳ ನೆನಪಾದಾಗಲೆಲ್ಲ ನೀರು ತಪ್ಪಿದ ದಿನಗಳನ್ನು ಎಣಿಸುತ್ತಿದ್ದೆ.

ಬಂದವಳೇ ತಾರಸಿಗೆ ಓಡಿದೆ. ಬಾಗಿಲಿಗೆ ಒಳಗಿನಿಂದ ಹಾಕಿದ ಚಿಲಕ ಹಾಗೇ ಇತ್ತು. ಕೆಂಪು ದಾರದ ಸಸಿಗಳೆಲ್ಲ ನಳನಳಿಸುತ್ತಿದ್ದವು. ಬುಡದ ಮಣ್ಣು ಒದ್ದೆ. ಪಕ್ಕದಲ್ಲೇ ಇದ್ದ ದಾರವಿಲ್ಲದವಕ್ಕೆ ಒಂದು ಹನಿಯೂ ಬಿದ್ದಿರಲಿಲ್ಲ. ಮಳೆ ದಾರ ನೋಡಿ ಸುರಿಯುತ್ತದೆಯೇ?

ಮರುದಿನ ಬಂದ ಸುಜಾತಳಿಗೆ ಎಲ್ಲ ಹೇಳಿದೆ. "ದೇವ್ರೇ ಹಾಕವ್ನೆ ಕಣಮ್ಮ. ಆಂಟಿ ದಿನಾ ಹಾಕಿದ್ರು ಅಂತ ಬರ್ಕೊಂಡ್ಬುಡು" ಎಂದೆ.

ಅವಳು ಬಗ್ಗಿ ಮಣ್ಣು ಮುಟ್ಟಿ ನೋಡಿದಳು. "ದೇವರು ಎಷ್ಟು ಲೋಟ ಹಾಕಿದ್ನೋ ಗೊತ್ತಿಲ್ವಲ್ಲ ಆಂಟಿ."

ಹೋಗಿ ಗೈಡ್ ಮೇಷ್ಟ್ರ ಮುಂದೆ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟಳು. ಅವಳಪ್ಪನ ಮಾತು ನೆನೆದು ನಾನು ದೇವರ ಮನೆಯಿಂದ ಏಳಲೇ ಇಲ್ಲ. ಪುಣ್ಯಾತ್ಮ ಮೇಷ್ಟ್ರು, ಅಷ್ಟು ದಿನದ ನೀರು ತಿಳಿಯದು ಎಂದೇ ಬರೆದು ಮುಂದುವರಿಸಲು ಒಪ್ಪಿದರು. ಡಾಕ್ಟರೇಟೂ ಬಂತು. ಸುಳ್ಳು ಬರೆದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ವಯಸ್ಸಿಗೇ ಅವಳಿಗೆ ಅಂಥ ಗಟ್ಟಿತನ ಎಲ್ಲಿಂದ ಬಂತೋ!

ನೀರು ಹಾಕಿದವರು ಯಾರೆಂದು ನನಗೆ ಇಂದಿಗೂ ತಿಳಿಯದು. ಬೆಳಗಿನ ಪೂಜೆಯಲ್ಲಿ ಒಂದು ಹೂವನ್ನು ಯಾರ ಹೆಸರೂ ಹೇಳದೆ ಪಕ್ಕಕ್ಕೆ ಇಡುತ್ತೇನೆ.