ಶಕುಂತಲಕ್ಕನ ದನಿ ಹೋದಾಗ

ಇವತ್ತು ಬೆಳಿಗ್ಗೆ ಚೆಂಬೂರಿನಿಂದ ಪವಾಯಿಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸು ಚೀಲದಿಂದ ಫ್ಲಾಸ್ಕ್ ತೆಗೆದು ಮುಚ್ಚಳ ಬಿಚ್ಚಿದರು. ಓಮ ಹಾಕಿ ಕುದಿಸಿದ ನೀರಿನ ವಾಸನೆ ಒಮ್ಮೆಲೇ ಮೂಗಿಗೆ ಬಡಿಯಿತು. ಅವರು ಎರಡು ಗುಟುಕು ಕುಡಿದು, ಗಂಟಲು ಸರಿಮಾಡಿಕೊಂಡು, ಕಿಟಕಿಯ ಕಡೆ ತಿರುಗಿದರು. ನಾನು ಮಾತ್ರ ಬಸ್ಸಿನಲ್ಲಿದ್ದೂ ಇಲ್ಲದವನಾದೆ. ವಾಸನೆಗಳು ಹೀಗೆಯೇ ನೋಡಿ, ಟಿಕೆಟ್ ಇಲ್ಲದೆ ಎಲ್ಲಿಗೋ ಕರೆದೊಯ್ಯುತ್ತವೆ. ನನ್ನನ್ನು ಅದು ಮಲಾಡಿನ ಒಂದು ಹಳೆಯ ಬಿಲ್ಡಿಂಗಿನ ಮೂರನೇ ಮಾಳಿಗೆಗೆ, ಶಕುಂತಲಕ್ಕನ ಪಕ್ಕದ ಕುರ್ಚಿಗೆ ಕರೆದೊಯ್ದಿತು.

ಆಗ ನಾನು ಅಲ್ಲಿ, ಮಿಕ್ಸರ್, ಗ್ರೈಂಡರ್ ಮಾಡುವ ಒಂದು ಕಂಪೆನಿಯ ದೂರು ವಿಭಾಗದಲ್ಲಿದ್ದೆ. ಕರ್ನಾಟಕದಿಂದ ಬರುವ ಫೋನುಗಳಿಗೆ ಕನ್ನಡದಲ್ಲಿ ಉತ್ತರ ಕೊಡುವುದು ನಮ್ಮ ಕೆಲಸ. ಕೆಲಸ ಎಂದರೆ ಏನು, ಬೈಸಿಕೊಳ್ಳುವುದು. ಮಿಕ್ಸರ್ ಚೆನ್ನಾಗಿ ತಿರುಗಿದರೆ ಯಾರು ತಾನೇ ಫೋನ್ ಮಾಡಿ, "ಚಟ್ನಿ ನುಣ್ಣಗಾಯಿತು, ನಿಮಗೆ ಒಳ್ಳೆಯದಾಗಲಿ" ಎನ್ನುತ್ತಾರೆ? ಬೆಳಿಗ್ಗೆ ಹೆಡ್‌ಫೋನ್ ಹಾಕಿದರೆ ಸಂಜೆಯವರೆಗೆ ಬೀದರದಿಂದ ಪುತ್ತೂರಿನವರೆಗಿನ ಸಿಟ್ಟೆಲ್ಲ ಕಿವಿಗೆ ಇಳಿಯುತ್ತಿತ್ತು. ಉಡುಪಿಯ ಮಳೆಯಲ್ಲಿ ಬೆಳೆದ ನಾನು ಸ್ವಭಾವತಃ ಆಕಾಶ ನೀಲಿಯಾಗಿದ್ದರೂ ಕೊಡೆ ಹಿಡಿಯುವ ಜಾತಿ. ಕುರ್ಲಾದಲ್ಲಿ ಲೋಕಲ್ ರೈಲು ಹತ್ತುವಾಗಲೇ ಅವತ್ತು ಏನೇನು ಕೆಡಬಹುದು ಎಂದು ಲೆಕ್ಕ ಹಾಕತೊಡಗುತ್ತಿದ್ದೆ.

ಕಂಪೆನಿಗೂ ನಮ್ಮ ಪಾಡು ಗೊತ್ತಿತ್ತು. ಉತ್ಸಾಹ ತುಂಬಲು ಒಮ್ಮೆ ಟೈ ಕಟ್ಟಿದ ತರಬೇತುದಾರರೊಬ್ಬರನ್ನು ಕರೆಸಿದರು. ಅವರು ಎಲ್ಲರ ಮೇಜಿನ ಮೇಲೂ ಒಂದೊಂದು ಪುಟ್ಟ ಕನ್ನಡಿ ಇಡಿಸಿ, ಫೋನ್ ಎತ್ತುವ ಮುಂಚೆ ಅದರಲ್ಲಿ ನೋಡಿ ನಗಬೇಕು, ನಗು ದನಿಯಲ್ಲಿ ಕೇಳಿಸುತ್ತದೆ ಎಂದರು. ನಾನು ವಿಧೇಯನಾಗಿ ನಕ್ಕೆ. ಕನ್ನಡಿಯಲ್ಲಿ ಹಲ್ಲುನೋವಿನವನಂತೆ ಕಂಡೆ. ಶಕುಂತಲಕ್ಕ ತಮ್ಮ ಕನ್ನಡಿಯಲ್ಲಿ ಕುಂಕುಮ ಸರಿಮಾಡಿಕೊಂಡು, "ಚಲೋ ಆತು, ಮನ್ಯಾಗ ಹೊತ್ತು ಸಿಗೂದಿಲ್ಲ" ಎಂದರು.

ಶಕುಂತಲಕ್ಕ ವಿಜಯಪುರದ ಕಡೆಯವರು. ಗಂಡ ಕಟ್ಟಡಗಳಿಗೆ ವೈರಿಂಗ್ ಮಾಡುತ್ತಿದ್ದರು, ಮಗಳು ಕಾಲೇಜಿನಲ್ಲಿದ್ದಳು. ಮಲಾಡಿನಲ್ಲೇ ಸ್ಟೇಶನ್ನಿನ ಆಚೆ ವಠಾರದಂಥ ಒಂದು ಚಾಳಿನಲ್ಲಿ ಮನೆ. ದಿನಾ ಒಂದು ದೊಡ್ಡ ಫ್ಲಾಸ್ಕಿನ ತುಂಬ ಅಜವಾನದ ನೀರು ತಂದು ನಮ್ಮೆಲ್ಲರ ಗಂಟಲಿಗೂ ಹಂಚುತ್ತಿದ್ದರು. ನಾವು ಓಮ ಅನ್ನುವುದನ್ನೇ ಅವರು ಅಜವಾನ ಅನ್ನುತ್ತಿದ್ದರು. ಆದರೆ ಅವರು ನಮ್ಮನ್ನು ನಿಜವಾಗಿ ಬದುಕಿಸಿದ್ದು ಇನ್ನೊಂದು ಉಪಾಯದಿಂದ. ಅದು ಬೈಗುಳದ ಪಂದ್ಯ.

ಮಧ್ಯಾಹ್ನ ಊಟದ ಹೊತ್ತಿಗೆ ಒಬ್ಬೊಬ್ಬರೂ ಆ ದಿನ ತಾವು ತಿಂದ ಬೈಗುಳಗಳಲ್ಲಿ ಒಳ್ಳೆಯದೊಂದನ್ನು ಆರಿಸಿ ಹೇಳಬೇಕು. ಬರೀ ಕೆಟ್ಟ ಮಾತಿಗೆ ಅಂಕ ಇಲ್ಲ, ಕಲ್ಪನೆ ಇರಬೇಕು. ಗೆದ್ದವರಿಗೆ ಶಕುಂತಲಕ್ಕನ ಡಬ್ಬಿಯಿಂದ ಶೇಂಗಾ ಹೋಳಿಗೆ. ಧಾರವಾಡದ ಅಜ್ಜಿಯೊಬ್ಬರು, "ನಿಮ್ಮ ಮಿಕ್ಸರ್ ತಿರುಗೂದ್ರಾಗ ನನ್ನ ಮೊಮ್ಮಗಳ ಮದುವಿ ಆಗಿ ಬಾಣಂತನಾನೂ ಮುಗೀತೈತಿ ನೋಡ್ರಿ" ಎಂದದ್ದು ವಾರವಿಡೀ ಅಜೇಯವಾಗಿತ್ತು. ಮಂಗಳೂರಿನ ಒಬ್ಬರು ನನಗೆ, "ಇದು ಮಿಕ್ಸರಾ ವಿಮಾನವಾ ಮಾರಾಯ್ರೆ? ಶಬ್ದ ಕೇಳಿ ನೆರೆಮನೆಯವರು ದುಬೈಯಿಂದ ಯಾರು ಬಂದದ್ದು ಅಂತ ಕೇಳ್ತಿದ್ದಾರೆ" ಎಂದಾಗ ನನಗೆ ಬೇಸರವಾಗುವ ಬದಲು ಹೋಳಿಗೆ ಕಣ್ಣೆದುರು ಬಂತು. ಯೋಚಿಸಿ ನೋಡಿ, ಬೈಸಿಕೊಳ್ಳಲು ಕಾಯುವ ಜನ ಜಗತ್ತಿನಲ್ಲಿ ನಾವು ಮಾತ್ರ ಇದ್ದಿರಬೇಕು. ಪಂದ್ಯಕ್ಕೆ ಬೇಕೆಂದು ಬೈಗುಳವನ್ನು ಪೂರ್ತಿ ಕೇಳಿಸಿಕೊಳ್ಳತೊಡಗಿದೆವು. ಪೂರ್ತಿ ಕೇಳಿಸಿಕೊಂಡದ್ದಕ್ಕೇ ಅರ್ಧ ಜನ ತಣ್ಣಗಾಗುತ್ತಿದ್ದರು.

ಹೀಗಿರುವಾಗ ಶಕುಂತಲಕ್ಕನ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಥೈರಾಯ್ಡ್ ಎಂದರು, ಆಪರೇಷನ್ ಮಾಡಿದರು. ಗಂಟು ಹೋಯಿತು, ಹೆದರುವಂಥದ್ದೇನೂ ಇರಲಿಲ್ಲ. ಆದರೆ ಜೊತೆಗೆ ದನಿಯೂ ಹೋಯಿತು, ಹತ್ತಿರದವರಿಗೆ ಕೇಳುವಷ್ಟು ಪಿಸುಮಾತು ಮಾತ್ರ ಉಳಿಯಿತು. ಕೆಲವರಿಗೆ ಹೀಗಾಗುವುದುಂಟು, ತಾನಾಗಿ ಮರಳಬಹುದು, ಮರಳದೆಯೂ ಇರಬಹುದು ಎಂದರಂತೆ ಡಾಕ್ಟರು.

ರಜೆ ಮುಗಿಸಿ ಅವರು ಬಂದ ದಿನ ನೆನಪಿದೆ. ಕುತ್ತಿಗೆಗೆ ಹತ್ತಿಯ ದುಪಟ್ಟಾ ಸುತ್ತಿಕೊಂಡು, ಎಂದಿನಂತೆ ಫ್ಲಾಸ್ಕ್ ಹಿಡಿದು ಬಂದು, ಕುರ್ಚಿಯಲ್ಲಿ ಕೂತು, ಹೆಡ್‌ಫೋನ್ ಹಾಕಿಕೊಂಡರು. ಬೇಡ ಎಂದು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಫೋನ್ ಬಂತು. "ನಮಸ್ಕಾರ" ಎಂದರು. ಗಾಳಿ ಮಾತ್ರ ಹೊರಬಂತು. ಅತ್ತ ಕಡೆಯವರು, "ಹಲೋ, ಹಲೋ, ಯಾರೂ ಇಲ್ಲೇನ್ರಿ ಅಲ್ಲೆ?" ಎಂದು ಕೂಗುವುದು ಪಕ್ಕದ ನನಗೂ ಕೇಳಿಸಿತು. ಶಕುಂತಲಕ್ಕ ಮತ್ತೊಮ್ಮೆ ಪ್ರಯತ್ನಿಸಿದರು, ಕುತ್ತಿಗೆಯ ನರ ಉಬ್ಬಿತು. ಫೋನ್ ಕಟ್ಟಾಯಿತು. ಹೆಡ್‌ಫೋನ್ ತೆಗೆದು ಮೆಲ್ಲಗೆ ಮೇಜಿನ ಮೇಲಿಟ್ಟು, ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅಳುವುದಕ್ಕೂ ದನಿ ಇರಲಿಲ್ಲ. ಭುಜ ಮಾತ್ರ ಅಲುಗುತ್ತಿತ್ತು.

ಇದನ್ನು ಹೇಳಲೇಬೇಕು. ಯಾವಾಗಲೂ ಒಳ್ಳೆಯದನ್ನೇ ಯೋಚಿಸುವವರ ಬಗ್ಗೆ ಮಾತಾಡುವಾಗ ಅವರು ಅಳುವುದೇ ಇಲ್ಲವೇನೋ ಎಂಬಂತೆ ಹೇಳುತ್ತೇವೆ. ಶಕುಂತಲಕ್ಕ ಅತ್ತರು, ಮೂರ್ನಾಲ್ಕು ದಿನ ಪಂದ್ಯಕ್ಕೂ ಬರಲಿಲ್ಲ.

ನಮ್ಮ ಮ್ಯಾನೇಜರ್ ರೋಹನ್. ಉಡುಪಿ ಕಡೆಯ ಹೊಟೇಲಿನವರ ಮಗ, ಹುಟ್ಟಿ ಬೆಳೆದದ್ದು ಮಲಾಡಿನಲ್ಲಿ. ಮನೆಯಲ್ಲಿ ತುಳು, ಹೊರಗೆ ಹಿಂದಿ, ನಮ್ಮ ಜೊತೆ ತಡವರಿಸುವ ಕನ್ನಡ. ಮೇಲಿನವರು ಅವನಿಗೆ ಹೇಳಿಬಿಟ್ಟಿದ್ದರು: ಮಾತಾಡುವ ಕೆಲಸಕ್ಕೆ ಮಾತಾಡುವವರು ಬೇಕು, ತಿಂಗಳ ಕೊನೆಯವರೆಗೆ ನೋಡಿ, ದನಿ ಬಾರದಿದ್ದರೆ ಕಳಿಸಿಬಿಡಿ. ಅವನು ಶಕುಂತಲಕ್ಕನ ಮೇಜಿನ ಹತ್ತಿರ ಬಂದು ನಿಂತ.

"ಅಕ್ಕಾ, ಆಪ್ ಟೆನ್ಷನ್ ಮತ್ ಲೋ. ಈಗ ನೀವು... ವೋ ಹಳೇ ಕಾಲ್ ರೆಕಾರ್ಡಿಂಗ್ ಇದೆ ಅಲ್ಲ, ಅದು ಕೇಳಿ, ಅಷ್ಟೇ. ಯಾರು ಚೆನ್ನಾಗಿ ಮಾತಾಡ್ತಾರೆ, ಯಾರು ಇಲ್ಲ, ಅದು ಚೆಕ್ ಮಾಡಿ. ಮಂತ್ ಎಂಡ್ ತನಕ ನಾನು ಮ್ಯಾನೇಜ್ ಮಾಡ್ತೇನೆ."

ಅದು ಕರುಣೆಗೆ ಹುಟ್ಟಿದ ಕೆಲಸ ಎಂದು ಅವನಿಗೂ, ಅಕ್ಕನಿಗೂ, ಪಕ್ಕದಲ್ಲಿದ್ದ ನನಗೂ ಗೊತ್ತಿತ್ತು. ಶಕುಂತಲಕ್ಕ ತಲೆಯಾಡಿಸಿದರು, ರೆಕಾರ್ಡಿಂಗು ಕೇಳುತ್ತ ಕೂತರು.

ಒಂದು ದಿನ ಮಧ್ಯಾಹ್ನ ಅವರು ನನ್ನ ತೋಳು ಹಿಡಿದೆಳೆದು, ಒಂದು ಹೆಡ್‌ಫೋನನ್ನು ನನ್ನ ಕಿವಿಗೆ ಸಿಕ್ಕಿಸಿದರು. ಕಣ್ಣಲ್ಲಿ ಹಳೆಯ ಮಿಂಚು. ಅದು ನಾನೇ ಉತ್ತರಿಸಿದ ಕಾಲ್. ಹೊಸ ಮಾದರಿಯ ಮಿಕ್ಸರ್, ಜಾರ್ ಕೂರುತ್ತಿಲ್ಲ, ಸ್ವಿಚ್ ಹಾಕಿದರೆ ತಿರುಗುತ್ತಿಲ್ಲ. ಆಗ ನಮಗೆ ಬರುತ್ತಿದ್ದ ಫೋನುಗಳಲ್ಲಿ ಬಹುಪಾಲು ಇದೇ. "ಜಾರನ್ನು ಸರಿಯಾಗಿ ತಿರುಗಿಸಿ ಮೇಡಂ" ಎಂದು ನಾನು ಹೇಳುವುದು, ಅವರು "ತಿರುಗಿಸಿದೆ ಮಾರಾಯ್ರೆ" ಎನ್ನುವುದು.

"ಎಂತ ಅಕ್ಕ? ನಾನು ತಪ್ಪು ಹೇಳಿದ್ದಾ?" ಎಂದೆ.

ಅವರು ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು. "ಮಾತು ಬಿಡೋ ತಮ್ಮಾ. ಮಾತಿನ ಹಿಂದ ಏನ್ ಕೇಳಸ್ತೈತಿ, ಅದನ್ನ ಕೇಳು."

ಮತ್ತೆ ಕೇಳಿದೆ. ಆ ಹೆಂಗಸು ಜಾರ್ ತಿರುಗಿಸುವಾಗ ಒಂದು ಸಣ್ಣ ಶಬ್ದ: ಟಕ್.

ಶಕುಂತಲಕ್ಕ ಆಫೀಸಿನಲ್ಲಿದ್ದ ಸ್ಯಾಂಪಲ್ ಮಿಕ್ಸರನ್ನು ಎದುರಿಗಿಟ್ಟು ಜಾರ್ ಕೂರಿಸಿ ತಿರುಗಿಸಿದರು. ಟಕ್. ನಿಲ್ಲಿಸದೆ ಇನ್ನೂ ಸ್ವಲ್ಪ ಒತ್ತಿ ತಿರುಗಿಸಿದರು. ಮತ್ತೊಂದು ಟಕ್. "ಒಂದು ಟಕ್ ಅಂದ್ರ ಕುಂತೈತಿ ಅಷ್ಟ. ಎರಡನೇ ಟಕ್ ಅಂದ್ರ ಗಟ್ಟಿ ಹಿಡಕೊಂಡೈತಿ. ಎಲ್ಲಾರೂ ಮೊದಲನೇದಕ್ಕ ಬಿಟ್ಟುಬಿಡ್ತಾರ."

ಇಷ್ಟೇ. ನಾವೆಲ್ಲ ದಿನವಿಡೀ ಮಾತಾಡುತ್ತಿದ್ದುದರಿಂದ ಆ ಒಂದು ಶಬ್ದ ನಮ್ಮ ಮಾತಿನ ಅಡಿಯಲ್ಲೇ ಮುಳುಗಿಹೋಗುತ್ತಿತ್ತು. ಪೆಟ್ಟಿಗೆಯೊಳಗಿನ ಕನ್ನಡ ಕೈಪಿಡಿಯಲ್ಲಿ ಬರೆದಿತ್ತಲ್ಲ ಎನ್ನುತ್ತೀರೇನೋ. ಬರೆದಿತ್ತು: "ಜಾಡಿಯನ್ನು ಪ್ರದಕ್ಷಿಣ ದಿಕ್ಕಿನಲ್ಲಿ ಪರಿಭ್ರಮಿಸಿ ಭದ್ರಗೊಳಿಸತಕ್ಕದ್ದು." ಇದನ್ನು ಓದಿದವರು ಜಾಡಿಯ ಮುಂದೆ ಕೈಮುಗಿದು ನಿಂತಿದ್ದರೂ ಆಶ್ಚರ್ಯವಿಲ್ಲ.

ನಾನಾಗಿದ್ದರೆ ಇದನ್ನು ರೋಹನನ ಕಿವಿಗೆ ಹಾಕಿ ಸುಮ್ಮನಾಗುತ್ತಿದ್ದೆ. ಶಕುಂತಲಕ್ಕ ಅಲ್ಲಿಗೆ ನಿಲ್ಲಲಿಲ್ಲ. ಒಂದು ಪುಟ್ಟ ವಿಡಿಯೋ ಮಾಡಿ ಫೋನ್ ಮಾಡಿದವರ ಮೊಬೈಲಿಗೆ ಕಳಿಸೋಣ ಎಂದರು. ಕೈ ತಮ್ಮದು, ದನಿ ನನ್ನದು.

ಆಫೀಸಿನ ಪ್ಯಾಂಟ್ರಿಯಲ್ಲಿ ಚಿತ್ರೀಕರಣ. ರೋಹನ್ ಮೊಬೈಲ್ ಹಿಡಿದ. ಶಕುಂತಲಕ್ಕ ಹಸಿರು ಬಳೆ ತೊಟ್ಟ ಕೈಗಳಿಂದ ಜಾರಿಗೆ ಹುರಿದ ಶೇಂಗಾ ಸುರಿದರು. ನಾನು ಗಂಟಲು ಸರಿಮಾಡಿಕೊಂಡು, "ಮಾನ್ಯ ಗ್ರಾಹಕರೇ" ಎಂದು ಆರಂಭಿಸಿದೆ.

ಅವರು ಕೈಯೆತ್ತಿ ನಿಲ್ಲಿಸಿ ಪಿಸುಗುಟ್ಟಿದರು. "ಸುದ್ದಿ ಓದಬ್ಯಾಡ. ನಿನ್ನ ಹೆಂಡ್ತಿಗೆ ಹೇಳ್ದಂಗ ಹೇಳು."

"ಅಯ್ಯೋ ಅಕ್ಕ, ಹೆಂಡತಿಗೆ ಮಿಕ್ಸರ್ ಪಾಠ ಮಾಡ್ಲಿಕ್ಕೆ ಹೋದ್ರೆ ಅವಳು ನನ್ನನ್ನೇ ಅರೆದುಬಿಡ್ತಾಳೆ!"

"ಹಂಗಾರ ನಿಮ್ಮವ್ವಗ ಹೇಳು."

ನಾನು ಅಮ್ಮನನ್ನು ನೆನೆದುಕೊಂಡೆ. ಹೊಸ ವಸ್ತು ಯಾವುದು ಬಂದರೂ ಮುಟ್ಟಲು ಹೆದರುವ ಅಮ್ಮ. "ಅಮ್ಮಾ, ಹೆದರಬೇಡಿ. ಹಿಟ್ಟಿನ ಡಬ್ಬಿಯ ಮುಚ್ಚಳ ತಿರುಗಿಸಿ ಹಾಕುದಿಲ್ವಾ, ಹಾಗೆಯೇ. ಒಂದು ಸಲ ಟಕ್ ಅಂದ್ರೆ ಸಾಕಾಗುದಿಲ್ಲ, ಇನ್ನೊಂದು ಸಲ ಟಕ್ ಅನ್ನಬೇಕು. ಕೇಳಿತಾ? ಈಗ ಸ್ವಿಚ್ ಹಾಕಿ." ಪಾಠ ಅವರದು, ಮಾತು ನನ್ನದು. ವಿಜಯಪುರವೂ ಉಡುಪಿಯೂ ಮಲಾಡಿನ ಪ್ಯಾಂಟ್ರಿಯಲ್ಲಿ ಹೀಗೆ ಒಂದಾದವು. ಮಿಕ್ಸರ್ ಗರ್ರೆಂದಿತು. ಆ ಚಟ್ನಿಯನ್ನು ನಾವೇ ತಿಂದೆವು.

ತಿಂಗಳ ಕೊನೆಗೆ ಮೇಲಿನವರು ಬಂದಾಗ ರೋಹನ್ ಅವರೆದುರು ಎದ್ದು ನಿಂತ. ಅಷ್ಟು ದಿನ ಮೇಲಿನವರ ಮುಂದೆ ಅವನು 'ಯೆಸ್ ಸರ್' ಬಿಟ್ಟು ಬೇರೆ ಅಂದದ್ದನ್ನು ನಾನು ಕೇಳಿರಲಿಲ್ಲ. ಈ ವಿಡಿಯೋ ಕಳಿಸಿದ ಮೇಲೆ ಜಾರಿನ ಬಗ್ಗೆ ಬರುವ ಫೋನು ಹೇಗೆ ಇಳಿದಿದೆ ನೋಡಿ, ಇದನ್ನು ಮಾಡಿದವರನ್ನು ಕಳಿಸಿದರೆ ನನ್ನನ್ನೂ ಕಳಿಸಿ ಎಂದು ಇಂಗ್ಲಿಷಿನಲ್ಲಿ ಹೇಳಿದ. ಹೊರಗೆ ಬಂದಾಗ ಅವನ ಅಂಗಿ ಬೆನ್ನಿಗೆ ಅಂಟಿತ್ತು. "ಅಕ್ಕಾ, ಹೋ ಗಯಾ. ನೀವು ಇರ್ತೀರಿ" ಎಂದ. ಇನ್ನು ಮುಂದೆ ಕಂಪೆನಿಯ ಬೇರೆ ಸಾಮಾನುಗಳಿಗೂ, ಬೇರೆ ಭಾಷೆಗಳಿಗೂ ಇಂಥ ವಿಡಿಯೋ ಮಾಡುವುದೇ ಶಕುಂತಲಕ್ಕನ ಕೆಲಸ. ಅವರು ಅವನ ತಲೆ ಸವರಿ ಲಟಿಕೆ ಮುರಿದರು.

ಎಲ್ಲರೂ ಚಪ್ಪಾಳೆ ತಟ್ಟುವಾಗ ನನಗೆ ಬಂದ ಯೋಚನೆ ಬೇರೆ. ಫೋನು ಕಡಿಮೆಯಾದರೆ ಫೋನ್ ಎತ್ತುವ ನಮ್ಮ ಗತಿ? ಕೇಳಿಯೇಬಿಟ್ಟೆ. ಶಕುಂತಲಕ್ಕ ಫ್ಲಾಸ್ಕಿನಿಂದ ಒಂದು ಲೋಟ ಬಗ್ಗಿಸಿ ನನ್ನ ಕೈಗಿಟ್ಟು ಪಿಸುಗುಟ್ಟಿದರು. "ಜಾರ್ ಕೂಡ್ರವಲ್ದು ಅಂತ ಹೇಳೂದು ತಪ್ಪಿದ್ರ, ಮಂದಿ ಬ್ಯಾರೆ ಏನರ ಕೇಳ್ತಾರೋ ತಮ್ಮಾ. ಆವಾಗ ನಮಗೂ ಹೊಸಾದು ಏನರ ಹೊಳೀತೈತಿ. ಒಂದ ಮಾತು ಎಷ್ಟು ವರ್ಷ ಹೇಳ್ತಿ?"

ನನ್ನ ಹೆದರಿಕೆ ಪೂರ್ತಿ ಸುಳ್ಳಾಗಲಿಲ್ಲ. ಕನ್ನಡ ವಿಭಾಗ ಚಿಕ್ಕದಾಯಿತು. ಕೆಲವರು ಬೇರೆ ಕಡೆ ಹೋದರು, ನನ್ನನ್ನು ಪವಾಯಿಯ ಆಫೀಸಿಗೆ ಕಳಿಸಿದರು, ಅಲ್ಲಿ ಈಗ ಕೈಪಿಡಿಗಳ ಕನ್ನಡ ತಿದ್ದುತ್ತೇನೆ. ಪರಿಭ್ರಮಿಸುವ ಜಾಡಿಗಳನ್ನು ಕೆಳಗಿಳಿಸುವುದೇ ನನ್ನ ಉದ್ಯೋಗ. ಸುಖವಾಗಿದ್ದೇನೆ ಎಂದು ಒಪ್ಪಿಕೊಳ್ಳಲು ನನಗೆ ಸಾಕಷ್ಟು ಸಮಯ ಹಿಡಿಯಿತು.

ನಾನು ಮಲಾಡ್ ಬಿಡುವ ಸ್ವಲ್ಪ ಮುಂಚೆ ನಡೆದದ್ದನ್ನು ಹೇಳದಿದ್ದರೆ ನೀವು ಬಿಡುವುದಿಲ್ಲ. ಅದೊಂದು ಮಧ್ಯಾಹ್ನ ರೋಹನ್ ಮೊದಲ ಸಲ ಪಂದ್ಯಕ್ಕೆ ಇಳಿದಿದ್ದ. ಆ ದಿನ ಜನ ಕಡಿಮೆಯಾಗಿ ತಾನೇ ಫೋನ್ ಎತ್ತಿದ ಅವನಿಗೆ ಯಾರೋ, "ನಿನ್ನ ಕನ್ನಡ ಕೇಳಿದ ಮೇಲೆ ನಮ್ಮ ಮಿಕ್ಸರೇ ವಾಸಿ ಅನ್ನಿಸ್ತದೆ, ಅದು ಕೊನೆಪಕ್ಷ ಸುಮ್ಮನಿದೆ" ಎಂದಿದ್ದರಂತೆ. ಅದನ್ನು ಅವನು ಅದೇ ಮುರುಕು ಕನ್ನಡದಲ್ಲಿ, ಅಷ್ಟೇ ಗಂಭೀರವಾಗಿ ಹೇಳಿದ. ಶಕುಂತಲಕ್ಕ ನಕ್ಕರು. ನಗುವಿನ ನಡುವೆ ಒಂದು ಒರಟು ಶಬ್ದ ಹೊರಬಿತ್ತು. ನಮ್ಮೆಲ್ಲರ ಕೈಯ ತುತ್ತು ಕೈಯಲ್ಲೇ ನಿಂತಿತು. ಅವರೂ ಬೆಚ್ಚಿ ಗಂಟಲು ಮುಟ್ಟಿಕೊಂಡರು. "ಇದು... ನಂದೇನು?" ಎಂದರು. ಅವರದೇ. ಮೊದಲಿನ ಗಂಟೆಯಂಥ ದನಿ ಅಲ್ಲ, ಗೊಗ್ಗರು, ದಪ್ಪ, ಕೊನೆಯಲ್ಲಿ ಹರಿದುಹೋಗುವಂಥದ್ದು. ಊರಿಗೆ ಫೋನ್ ಮಾಡಿದಾಗ ಅವರ ತಾಯಿ, "ಯಾವನೋ ಗಂಡಸು ಮಾತಾಡಾಕತ್ತಾನ, ನನ್ನ ಮಗಳಿಗೆ ಕೊಡಪಾ" ಎಂದರಂತೆ. ಅದನ್ನು ಹೇಳಿಕೊಂಡು ಇನ್ನೂ ನಕ್ಕರು.

ಬಸ್ಸು ಪವಾಯಿ ಕೆರೆಯ ಹತ್ತಿರ ಬಂದಾಗ ತಡೆಯಲಾಗದೆ ಇಳಿದವನೇ ಅವರಿಗೆ ಫೋನ್ ಮಾಡಿದೆ. ಎಷ್ಟೋ ತಿಂಗಳಾಗಿತ್ತು ಮಾತಾಡಿ.

"ಏನೋ ತಮ್ಮಾ, ಆರಾಮ?" ಟ್ರಾಫಿಕ್ಕಿನ ಗದ್ದಲದಲ್ಲಿ ಆ ಗೊಗ್ಗರು ದನಿಗಾಗಿ ಫೋನನ್ನು ಕಿವಿಗೆ ಒತ್ತಿ ಹಿಡಿದೆ. "ಚಲೋ ಹೊತ್ತಿಗೆ ಮಾಡೀದಿ ನೋಡು. ಬಾಗಲಕೋಟೆಯಿಂದ ಒಬ್ಬರು ಫೋನ್ ಮಾಡಿದ್ರು, ಕಣ್ಣು ಕಾಣೂದಿಲ್ಲಂತ. ನಿಮ್ಮ ವಿಡಿಯೋ ತಗೊಂಡು ನಾ ಏನ್ ಮಾಡ್ಲಿ ಅಂದ್ರು. ಖರೆ ಐತಿ ಅಲ್ಲ? ಅದಕ್ಕ, ಬರೇ ದನಿ ಕೇಳಿ ಕೈಲೆ ಮುಟ್ಟಿ ಮಾಡೂವಂಥಾದ್ದು ಒಂದು ಮಾಡೂನು ಅಂತ. ಹೆಂಗ ಹೇಳೂದು ಇನ್ನೂ ತಿಳೀವಲ್ದು. ನನ್ನ ದನಿ ಅರ್ಧ, ನಿನ್ನ ದನಿ ಅರ್ಧ. ಶನಿವಾರ ಬರ್ತಿಯೇನು?"

"ಬರ್ತೇನೆ ಅಕ್ಕ" ಎಂದೆ. ಏನೇನು ಕೆಡಬಹುದು ಎಂಬ ಎಂದಿನ ಲೆಕ್ಕಕ್ಕೆ ಇಳಿಯಲಿಲ್ಲ.

ಆಫೀಸಿನ ಗೇಟಿನ ಹತ್ತಿರ ಬಂದಾಗ ಏನೋ ಹೊಳೆಯಿತು. ಪಕ್ಕದ ಕಟ್ಟೆಯ ಮೇಲೆ ಕೂತು, ಚೀಲದಿಂದ ನನ್ನ ಊಟದ ಡಬ್ಬಿ ತೆಗೆದು, ಕಣ್ಣು ಮುಚ್ಚಿಕೊಂಡೆ. ನೋಡದೆ ಇದನ್ನು ತೆರೆಯುವುದನ್ನು ಇನ್ನೊಬ್ಬರಿಗೆ ಹೇಗೆ ಹೇಳಲಿ? "ಮೊದಲು ಹೆಬ್ಬೆರಳಿನಲ್ಲಿ ಅಂಚು ಹುಡುಕಿ" ಎಂದು ಗಟ್ಟಿಯಾಗಿಯೇ ಹೇಳಿಕೊಂಡೆ.

"ಸಾಬ್, ತಬಿಯತ್ ಠೀಕ್ ಹೈ ನಾ?" ವಾಚ್‌ಮನ್ ಹತ್ತಿರ ಬಂದಿರಬೇಕು.

"ಏಕ್‌ದಮ್ ಠೀಕ್" ಎಂದೆ. ಕಣ್ಣು ತೆರೆಯಲಿಲ್ಲ. ಅಂಚು ಆಗಷ್ಟೇ ಬೆರಳಿಗೆ ಸಿಕ್ಕಿತ್ತು.