ಮಾನಪ್ಪ ಬಿಚ್ಚಿಕೊಟ್ಟ ಚಾಕು

ಮಾನಪ್ಪ ಎಲ್ಲೇ ಕೂರಲಿ, ಕೂರುವ ಮೊದಲು ಅವನ ಬಲಗೈ ನಡಕ್ಕೆ ಹೋಗುತ್ತಿತ್ತು. ಅಂಗಿಯ ಮೇಲಿಂದಲೇ ಒಮ್ಮೆ ಮುಟ್ಟಿ, ಇದೆ ಎಂದು ಖಾತ್ರಿಯಾದ ಮೇಲೆ ಮೊಣಕಾಲು ಮಡಚುತ್ತಿದ್ದ. ಗುಡಿಯ ಕಟ್ಟೆಯಾಗಲಿ, ಬಸ್ಸಿನ ಸೀಟಾಗಲಿ, ನಮ್ಮ ಶಾಲೆಯ ಬೇವಿನ ಬುಡವಾಗಲಿ, ಇದೇ ಕ್ರಮ. ಉಡದಾರಕ್ಕೆ ಕರಿ ದಾರವೊಂದನ್ನು ಗಂಟು ಹಾಕಿ ಅದರ ತುದಿಗೆ ಮಡಚುವ ಚಾಕು ಕಟ್ಟಿಕೊಂಡಿದ್ದ. ಬೆರಳುದ್ದದ ಅಲಗು, ಕಟ್ಟಿಗೆಯ ಹಿಡಿಕೆ, ಹಿಡಿಕೆಗೆ ಎರಡು ಹಿತ್ತಾಳೆ ಮೊಳೆ. ಶಹಾಪುರದ ಸಂತೆಯಲ್ಲಿ ನೆಲಕ್ಕೆ ಗೋಣಿತಟ್ಟು ಹಾಸಿ ಮಾರುತ್ತಾರಲ್ಲ, ನಲವತ್ತು ರೂಪಾಯಿಗೆ ಸಿಗುವಂಥದ್ದು.

ತಿಂಥಣಿಯಿಂದ ಸ್ವಲ್ಪ ದೂರದಲ್ಲಿ, ಕೃಷ್ಣೆಯ ದಂಡೆಗೇ ಇರುವ ಸಣ್ಣ ಊರೊಂದರ ಶಾಲೆಯಲ್ಲಿ ನಾನು ಒಂಬತ್ತು ವರ್ಷ ಪಾಠ ಮಾಡಿದೆ. ಮನೆ ಸುರಪುರದಲ್ಲಿ, ದಿನಾ ಬಸ್ಸಿನಲ್ಲಿ ಹೋಗಿಬರುವುದು. ಮಾನಪ್ಪ ಆ ಊರಿನ ಮೀನುಗಾರ. ನಸುಕಿನಲ್ಲಿ ತಮ್ಮ ದ್ಯಾವಪ್ಪನ ಜೊತೆ ಹರಿಗೋಲು ಇಳಿಸಿ, ಬಲೆ ಎತ್ತಿ, ಸೇತುವೆಯ ಹತ್ತಿರ ಮೀನು ಮಾರಿ, ಮಧ್ಯಾಹ್ನ ಕೈಕಾಲು ತೊಳೆದುಕೊಂಡು ಶಾಲೆಗೆ ಬರುತ್ತಿದ್ದ. ಅವನ ಮಗಳು ಮಲ್ಲಮ್ಮ ನಾಲ್ಕನೇ ತರಗತಿಯಲ್ಲಿದ್ದಳು. ಆದರೆ ಅವನು ಬರುತ್ತಿದ್ದದ್ದು ಅವಳೊಬ್ಬಳಿಗಾಗಿ ಅಲ್ಲ. ಬೇವಿನ ಬುಡಕ್ಕೆ ಅವನು ಕೂತದ್ದು ಕಂಡರೆ ಸಾಕು, ಮಕ್ಕಳೆಲ್ಲ ಪೆನ್ಸಿಲು ಹಿಡಿದು ಓಡುತ್ತಿದ್ದರು. ಒಂದೊಂದನ್ನೂ ಸೂಜಿಯಂತೆ ಕೆತ್ತಿ, ತುದಿಯನ್ನು ತನ್ನ ಅಂಗೈಗೆ ಚುಚ್ಚಿ ನೋಡಿಯೇ ಕೊಡುತ್ತಿದ್ದ.

“ಮೊಂಡ ಪೆನ್ಸಿಲ್ಲೆ ಬರದ್ರ ಅಕ್ಷರಾನೂ ಮೊಂಡ ಆಗ್ತಾವ್ರಿ ಅಕ್ಕೋರ,” ಎನ್ನುತ್ತಿದ್ದ.

ಅವನಿಗೆ ಅಕ್ಷರ ಬರುತ್ತಿರಲಿಲ್ಲ.

ಚಾಕುವಿನ ಬಗ್ಗೆ ಅವನಿಗೆ ಖಚಿತ ಅಭಿಪ್ರಾಯಗಳಿದ್ದವು. “ಚಾಕು ಸಸ್ತಾ ಇರಬೇಕು, ಧಾರಿ ತುಟ್ಟಿ ಇರಬೇಕು. ತುಟ್ಟಿ ಚಾಕು ತಗೊಂಡ್ರ ಅದನ್ನ ನಾವು ಕಾಯೋದಾಗ್ತದ. ಸಸ್ತಾದ್ದು ನಮ್ಮನ್ನ ಕಾಯ್ತದ.” ಒಮ್ಮೆ ನಮ್ಮ ಹೆಡ್‌ಮಾಸ್ತರರು ಆನ್‌ಲೈನಿನಲ್ಲಿ ಹನ್ನೊಂದು ಕೆಲಸ ಮಾಡುವ ಚಾಕು ತರಿಸಿದ್ದರು. ಕತ್ತರಿ, ಸ್ಕ್ರೂಡ್ರೈವರ್, ಬಾಟಲಿಯ ಮುಚ್ಚಳ ತೆಗೆಯುವುದು, ಸಣ್ಣ ಗರಗಸ, ಏನೆಲ್ಲ ಇದ್ದವು. ಅವರು ಒಂದೊಂದನ್ನೇ ಬಿಚ್ಚಿ ತೋರಿಸಿದರು. ಮಾನಪ್ಪ ಎಲ್ಲವನ್ನೂ ಗಂಭೀರವಾಗಿ ನೋಡಿದ.

“ಭಾಳ ಚಂದ ಅದರಿ ಸರ. ಇದರಾಗ ಚಾಕು ಯಾವದ್ರಿ?”

ಹೆಡ್‌ಮಾಸ್ತರರು ಅದನ್ನು ಮತ್ತೆ ಶಾಲೆಗೆ ತರಲಿಲ್ಲ.

ಒಂದು ಮಾತ್ರ, ಚಾಕುವನ್ನು ದಾರದಿಂದ ಬಿಚ್ಚಿ ಯಾರ ಕೈಗೂ ಕೊಡುತ್ತಿರಲಿಲ್ಲ. ಬಿಸಿಯೂಟದ ಅಡುಗೆಯಾಕೆ ಬೇಳೆ ಚೀಲದ ಬಾಯಿ ಕೊಯ್ಯಲು ಕೇಳಿದರೂ, “ಎಲ್ಲಿ ಕೊಯ್ಯಬೇಕು ಹೇಳು, ನಾನ ಬರ್ತೀನಿ,” ಎಂದು ಎದ್ದು ಹೋಗುತ್ತಿದ್ದ. ಯಾಕಿಷ್ಟು ಹಟ ಎಂದು ನಾನೊಮ್ಮೆ ಕೇಳಿದೆ.

“ನೀರಾಗ ಬಲಿ ಕಾಲಿಗೆ ಸುತ್ತಿದ್ರ ಯಾರ್ನ ಕರೀಲ್ರಿ? ಆವಾಗ ಇದೊಂದ ನನ್ನ ಮಂದಿ.”

ತಮ್ಮ ದ್ಯಾವಪ್ಪ ಇದಕ್ಕೆ ತದ್ವಿರುದ್ಧ. ವರ್ಷಕ್ಕೆ ಮೂರು ಚಾಕು ಕಳೆಯುತ್ತಿದ್ದ. ಕೊನೆಗೆ ಕೊಳ್ಳುವುದನ್ನೇ ಬಿಟ್ಟ. “ಅಣ್ಣನ ನಡದಾಗ ಇದ್ರ ನನ್ನ ನಡದಾಗ ಇದ್ದಂಗ,” ಎಂದು ನಗುತ್ತಿದ್ದ. ಹೀಗೆ ಇಬ್ಬರು ಅಣ್ಣತಮ್ಮಂದಿರು ಒಂದೇ ಚಾಕು ನಂಬಿ ಹೊಳೆಗೆ ಇಳಿಯುತ್ತಿದ್ದರು.

ನಾನು ಮಾನಪ್ಪನಿಗೆ ಸಹಿ ಕಲಿಸಿದೆ. ಪಾಲಕರ ಸಭೆಯಲ್ಲಿ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಳ್ಳುವಾಗ ಅವನು ಮಗಳ ಕಡೆ ನೋಡದೆ ಗೋಡೆ ನೋಡುವುದು ನನ್ನ ಕಣ್ಣಿಗೆ ಬಿದ್ದಿತ್ತು. “ಮೂರ ಅಕ್ಷರ ಅದಾವಪ್ಪ ನಿನ್ನ ಹೆಸರಿಗೆ, ಬಾ,” ಎಂದೆ. ಆ ಮೂರಕ್ಕೆ ಒಂದು ತಿಂಗಳು ಹಿಡಿಯಿತು. ‘ಪ್ಪ’ದ ಒತ್ತು ಬಗೆಹರಿಯಲಿಲ್ಲ, ಪ್ರತಿಸಲ ಅದು ಸಾಲು ಬಿಟ್ಟು ಕೆಳಗೆ ಜಾರುತ್ತಿತ್ತು. ಮುಂದಿನ ಸಭೆಯಲ್ಲಿ ಪೆನ್ನು ಹಿಡಿದು ಸಹಿ ಮಾಡಿದವನು ಎದ್ದು ಬಂದು ನನ್ನ ಕಾಲು ಮುಟ್ಟಲು ಬಗ್ಗಿದ. ನನಗಿಂತ ಹತ್ತು ವರ್ಷ ದೊಡ್ಡವನು. ನಾನು ಹಿಂದೆ ಸರಿದೆ. “ನೀವು ಏನ ಕೇಳಿದ್ರೂ ಇಲ್ಲ ಅನ್ನಂಗಿಲ್ರಿ ಅಕ್ಕೋರ,” ಎಂದ. ಮಾತಿಗೆ ಅಂದದ್ದು ಎಂದುಕೊಂಡೆ.

ಅದು ಆಗಸ್ಟ್ ಹದಿನಾಲ್ಕರ ಮಧ್ಯಾಹ್ನ. ಮರುದಿನದ ಧ್ವಜಾರೋಹಣಕ್ಕೆ ಶಾಲೆ ಸಿಂಗರಿಸುತ್ತಿದ್ದೆವು. ಸುತಳಿ ಕೊಯ್ಯಬೇಕು, ಬಣ್ಣದ ಕಾಗದ ಕತ್ತರಿಸಬೇಕು, ಇದ್ದ ಒಂದು ಕತ್ತರಿಯ ಮೊಳೆ ಕಳಚಿ ಬಿದ್ದಿತ್ತು. ಮಾನಪ್ಪ ಒಂದಿಷ್ಟು ಹೊತ್ತು ಕೊಯ್ದುಕೊಟ್ಟ. ಅಷ್ಟರಲ್ಲಿ ಮನೆಯಿಂದ ಕರೆ ಬಂತು, ಹೆಂಡತಿಯ ತವರಿನಿಂದ ಬೀಗರು ಬಂದಿದ್ದರು. ಅವನು ಎದ್ದ.

“ಮಾನಪ್ಪಣ್ಣ, ಚಾಕು ಇಟ್ಟು ಹೋಗು. ಸಂಜೀಕ ಮಲ್ಲಮ್ಮನ ಕೈಯಾಗ ಕಳಿಸ್ತೀನಿ,” ಎಂದೆ.

ಅವನು ನಿಂತ. ಕೈ ನಡಕ್ಕೆ ಹೋಯಿತು. “ಬೀಗರಿಗೆ ಚಾ ಕುಡಿಸಿ ಬರ್ತೀನ್ರಿ. ನಾನ ಕೊಯ್ದು ಕೊಡ್ತೀನಿ.”

“ಅಷ್ಟರಾಗ ಹೊತ್ತಾಗ್ತದ. ನಾ ಏನ ತಿಂತೀನೇನು ನಿನ್ನ ಚಾಕು?”

ನಾನು ನಗುತ್ತ ಅಂದದ್ದು. ಅವನು ನಗಲಿಲ್ಲ. ಅಂಗಿ ಎತ್ತಿ ಗಂಟು ಬಿಚ್ಚಿದ. ವರ್ಷಗಳ ಗಂಟು, ಉಗುರಿಗೆ ಬಗ್ಗಲಿಲ್ಲ, ಹಲ್ಲಿನಿಂದ ಕಚ್ಚಿ ಬಿಚ್ಚಬೇಕಾಯಿತು. ಅಲಗು ಮಡಚಿ, ಹಿಡಿಕೆಯನ್ನು ನನ್ನ ಕಡೆ ಮಾಡಿ ಕೊಟ್ಟ.

ಕೆಲಸ ಮುಗಿಯುವಷ್ಟರಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ಮಕ್ಕಳಾಗಲೇ ಮನೆಗೆ ಹೋಗಿದ್ದರು. ಕೈಗೆ ಸಿಕ್ಕದ್ದನ್ನೆಲ್ಲ ಬ್ಯಾಗಿಗೆ ತುರುಕಿ ಓಡಿದೆ. ದೇವಾಪುರ ದಾಟಿದ ಮೇಲೆ ಟಿಕೆಟಿಗೆ ಚಿಲ್ಲರೆ ಹುಡುಕುವಾಗ ಚಾಕು ಬೆರಳಿಗೆ ತಗುಲಿತು. ನಾಳೆ ಮೊದಲ ಬಸ್ಸಿಗೇ ಹೋಗುವುದಿದೆ, ಕೊಟ್ಟರಾಯಿತು ಎಂದುಕೊಂಡೆ. ಮನೆಗೆ ಹೋಗಿ ಅದರಿಂದಲೇ ಸೌತೆಕಾಯಿ ಹೆಚ್ಚಿದೆ. ಎಂಥ ಧಾರ ಎಂದು ಗಂಡನಿಗೆ ತೋರಿಸಿದ್ದೂ ನೆನಪಿದೆ.

ಆ ಸಂಜೆ ಊರಲ್ಲಿ ಡಂಗುರ ಸಾರಿದರಂತೆ. ಮೇಲಿನ ಅಣೆಕಟ್ಟಿನಿಂದ ಹೊಳೆಗೆ ನೀರು ಬಿಡುತ್ತಾರೆ, ದಂಡೆಗೆ ಯಾರೂ ಹೋಗಬಾರದು ಎಂದು. ಅಣ್ಣತಮ್ಮಂದಿರ ಬಲೆಗಳೆಲ್ಲ ನೀರಿನಲ್ಲಿದ್ದವು. ನೀರು ಏರುವುದರೊಳಗೆ ಎತ್ತಿಕೊಂಡು ಬಿಡೋಣ ಎಂದು ಬೆಳಕು ಹರಿಯುತ್ತಲೇ ಹರಿಗೋಲು ಇಳಿಸಿದರು. ಎರಡು ಬಲೆ ಎತ್ತಿದರು. ಮೂರನೆಯದರ ಹಗ್ಗ ತಳದ ಬಂಡೆಗೆ ಸಿಕ್ಕಿತ್ತು. ದ್ಯಾವಪ್ಪ ಜಗ್ಗುತ್ತಿದ್ದಾಗ ಸೆಳವು ಬಂತು, ಹರಿಗೋಲು ಗಿರಕಿ ಹೊಡೆಯಿತು, ಹಗ್ಗ ಅವನ ಕಾಲಿಗೆ ಬಿಗಿದು ಅವನನ್ನು ನೀರಿಗೆ ಎಳೆಯಿತು. ಮಾನಪ್ಪ ಒಂದು ಕೈಯಿಂದ ತಮ್ಮನ ರಟ್ಟೆ ಹಿಡಿದ. ಇನ್ನೊಂದು ಕೈ ನಡಕ್ಕೆ ಹೋಯಿತು. ಅಲ್ಲಿ ಬರೀ ಉಡದಾರ ಇತ್ತು.

ಹರಿಗೋಲಿನ ಅಂಚಿನ ಮೇಲೆ ಬಿಗಿದು ನಿಂತ ಹಗ್ಗವನ್ನು ಅವನು ಹಲ್ಲಿನಿಂದ ಕಚ್ಚಿದ. ನೈಲಾನ್ ಹಗ್ಗ. ಮುಂದಿನ ಎರಡು ಹಲ್ಲು ಕಿತ್ತು ಬಂದವು, ಹಗ್ಗ ಹರಿಯಲಿಲ್ಲ. ದಂಡೆಯಲ್ಲಿದ್ದವರು ಕಂಡದ್ದು ಇಷ್ಟು: ಹರಿಗೋಲಿನ ಅಂಚಿಗೆ ಬಾಗಿ, ಬಾಯಲ್ಲಿ ರಕ್ತ ಸುರಿಸುತ್ತ ಅವನು ಏನನ್ನೋ ಕಚ್ಚುತ್ತಲೇ ಇದ್ದ. ತಮ್ಮನ ರಟ್ಟೆ ಕೈಯಿಂದ ಜಾರಿದ ಮೇಲೂ ಕಚ್ಚುತ್ತಿದ್ದ.

ನಾನು ಬಿಳಿ ಸೀರೆ ಉಟ್ಟು ಬಸ್ಸಿನಿಂದ ಇಳಿದಾಗ ಊರು ಹೊಳೆಯ ಕಡೆ ಓಡುತ್ತಿತ್ತು. ನಾನೂ ಹೋದೆ. ಮಾನಪ್ಪ ಕೆಸರಿನಲ್ಲಿ ಕೂತಿದ್ದ. ದ್ಯಾವಪ್ಪನ ಹೆಂಡತಿ ನಾಗಮ್ಮ ಅವನ ಎದುರಿಗೆ ನಿಂತಿದ್ದಳು, ಅಳುತ್ತಿರಲಿಲ್ಲ.

“ಭಾವಾ, ಚಾಕು ಎಲ್ಲಿತ್ತು? ನಿನ್ನ ಚಾಕು ಎಲ್ಲಿತ್ತು?”

ಅವನು ತಲೆ ಎತ್ತಿ ಗುಂಪಿನಲ್ಲಿ ನನ್ನನ್ನು ಕಂಡ. ನನ್ನ ಹೆಗಲಿನ ಬ್ಯಾಗನ್ನೂ ಕಂಡ. ನಾನು ಅದನ್ನು ಎದೆಗೆ ಒತ್ತಿ ಹಿಡಿದಿದ್ದೆ.

“ಎಲ್ಲೋ ಬಿತ್ತವ್ವ,” ಎಂದ. “ನಿನ್ನೆ ಎಲ್ಲೋ ಬಿತ್ತು.”

ಆಗ ನಾನು ಮಾತಾಡಬೇಕಿತ್ತು. ಬಾಯಿ ತೆರೆಯಲಿಲ್ಲ. ಶಾಲೆಗೆ ಹೋಗಿ ಧ್ವಜ ಹಾರಿಸಿ ಮಕ್ಕಳನ್ನು ಮನೆಗೆ ಕಳಿಸಿದೆವು. ಎರಡು ದಿನದ ಮೇಲೆ ದ್ಯಾವಪ್ಪ ಕೆಳಗಿನ ಊರೊಂದರ ಹತ್ತಿರ ಜಾಲಿ ಪೊದೆಗೆ ಸಿಕ್ಕಿದ.

ನಾಗಮ್ಮ ಅಂದಿನಿಂದ ಭಾವನ ಜೊತೆ ಮಾತು ಬಿಟ್ಟಳು. ಒಂದೇ ಅಂಗಳದ ಎರಡು ಮನೆ, ನಡುವೆ ತಗಡು ನಿಲ್ಲಿಸಿದಳು. ಊರವರೂ ಆಡಿದರು. ಹೊಳೆಗೆ ಹೋಗುವವನು ಚಾಕು ಬೀಳಿಸಿಕೊಂಡು ಎಚ್ಚರವಿಲ್ಲದೆ ಹೋದನಲ್ಲ, ಬೀಗರ ಜೊತೆ ಕುಡಿದಿರಬೇಕು ಎಂದರು. ಅವನು ಕುಡಿಯುವವನೇ ಅಲ್ಲ.

ದಿನಕರ್ಮ ಮುಗಿದ ಮೇಲೆ ಚಾಕು ತೆಗೆದುಕೊಂಡು ಅವನ ಮನೆಗೆ ಹೋದೆ. ಹೆಂಡತಿ ನೀರಿಗೆ ಹೋಗಿದ್ದಳು. ಅವನು ಕೈ ಚಾಚಲಿಲ್ಲ. “ಅಲ್ಲಿ ಇಡ್ರಿ,” ಎಂದು ಗೋಡೆಯ ಗೂಡು ತೋರಿಸಿದ. ಇಟ್ಟೆ. ಹೊರಡಲು ಆಗಲಿಲ್ಲ. ಹಗಲೂ ರಾತ್ರಿ ನನ್ನೊಳಗೆ ಕುದಿಯುತ್ತಿದ್ದುದನ್ನು ಕೇಳಿಯೇಬಿಟ್ಟೆ.

“ಮಾನಪ್ಪಣ್ಣ, ಚಾಕು ಇದ್ದಿದ್ರ…”

ಇಲ್ಲ, ಇದ್ದಿದ್ದರೂ ಅಷ್ಟೇ, ಹಣೆಬರಹ, ಎಂದು ಅವನು ಹೇಳಲಿ ಎಂದು ಕೇಳಿದ್ದೆ. ಯಾರಾದರೂ ಹಾಗೇ ಹೇಳುತ್ತಾರೆ.

“ಉಳೀತಿದ್ದ್ರಿ,” ಎಂದ. ಹಲ್ಲು ಹೋದ ಸಂದಿಯಲ್ಲಿ ಮಾತು ಗಾಳಿಯಾಗಿ ಬರುತ್ತಿತ್ತು. “ಒಂದ ಏಟಿಗೆ ಹರೀತಿತ್ತು ಹಗ್ಗ. ನಿಮ್ಮ ಮುಂದ ಸುಳ್ಳ ಯಾಕ ಹೇಳ್ಲಿ?”

ನಾನು ಅತ್ತೆ. ಅವನು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ.

“ಕೇಳಿದವರು ನೀವು ಖರೆ. ಬಿಚ್ಚಿ ಕೊಟ್ಟಾಂವ ನಾನು. ನೀರು ಬಿಡ್ತಾರಂತ ಡಂಗುರ ಕೇಳಿದಾಂವ ನಾನು. ಚಾಕು ಇಲ್ಲಂತ ಗೊತ್ತಿದ್ದೂ ಇಳದಾಂವ ನಾನು. ಹೋಗ್ರಿ ಇನ್ನ.”

ಆಮೇಲೂ ಅವನು ಮೀನು ಹಿಡಿದ, ಬೇರೆ ಬದುಕು ಗೊತ್ತಿರಲಿಲ್ಲ. ಬೇರೆಯವರ ಹರಿಗೋಲಿನಲ್ಲಿ ಕೂಲಿಗೆ ಹೋಗುತ್ತಿದ್ದ. ನಡಕ್ಕೆ ಮತ್ತೆ ಚಾಕು ಕಟ್ಟಲಿಲ್ಲ. ಶಾಲೆಗೂ ಬರಲಿಲ್ಲ. ಮಕ್ಕಳು ಕೆಲವು ದಿನ ಪೆನ್ಸಿಲು ಹಿಡಿದು ದಾರಿ ನೋಡಿದರು. ನಾನು ಅಂಗಡಿಯಿಂದ ಪ್ಲಾಸ್ಟಿಕ್ಕಿನ ಶಾರ್ಪನರುಗಳನ್ನು ತಂದು ಹಂಚಿದೆ.

ಮುಂದೆ ನನಗೆ ಯಾದಗಿರಿಯ ಕಡೆ ವರ್ಗವಾಯಿತು. ಕೊನೆಯ ಸಲ ಅವನನ್ನು ಕಂಡದ್ದು ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ. ಬಲೆಯ ದಾರ ಕೊಳ್ಳಲು ಬಂದಿದ್ದ. ನಾನು ಗುರುತು ಹಿಡಿಯುವ ಮೊದಲೇ, “ಆರಾಮ ಇದ್ದೀರ್ರಿ ಅಕ್ಕೋರ?” ಎಂದ. ಇಬ್ಬರೂ ಕಟ್ಟೆಯ ಮೇಲೆ ಕೂತು ಚಹಾ ಕುಡಿದೆವು. ಮಲ್ಲಮ್ಮ ಹತ್ತನೇ ತರಗತಿ ಪಾಸಾಗಿದ್ದಳು, ಅದನ್ನು ಹೇಳುವಾಗಲೂ ಅವನ ಮುಖ ಅರಳಲಿಲ್ಲ.

“ನಾಗಮ್ಮ ಮಾತಾಡ್ತಾಳೇನು?” ಎಂದೆ.

“ಇಲ್ರಿ.”

“ನಾ ಬಂದು ಹೇಳ್ತೀನಿ. ಚಾಕು ನನ್ನ ಹತ್ತಿರ ಇತ್ತಂತ ಹೇಳ್ತೀನಿ.”

“ಬ್ಯಾಡ್ರಿ. ಆಕಿ ಇಬ್ಬರು ಹೆಣ್ಣಮಕ್ಳು ಅದೇ ಸಾಲಿಯಾಗ ಕಲ್ತವು. ಅಕ್ಷರ ಕಲಿಸಿದವರ ಮ್ಯಾಲ ಸಿಟ್ಟು ಯಾಕ ಹುಟ್ಟಸೋದು? ನನ್ನ ಮ್ಯಾಲ ಆದ್ರ ನಾ ಮನಿಯಾಂವ, ನಡೀತದ.”

ಆ ‘ಬ್ಯಾಡ್ರಿ’ ಕೇಳಿ ನನಗೆ ಹಗುರವಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ. ಅವನು ಬೇಡ ಅಂದನಲ್ಲ ಎಂಬ ನೆಪ ಹಿಡಿದುಕೊಂಡು ಮತ್ತೆ ಎರಡು ವರ್ಷ ಸುಮ್ಮನಿದ್ದೆ.

ಕಳೆದ ಚಳಿಗಾಲದಲ್ಲಿ ಹಳೆಯ ಹೆಡ್‌ಮಾಸ್ತರರು ಫೋನು ಮಾಡಿದರು. ಮಾನಪ್ಪ ತೀರಿಕೊಂಡ, ಎದೆನೋವು ಅಂತ ಕೂತವನು ಏಳಲಿಲ್ಲ ಎಂದರು. ನಾನು ಹೋಗುವಷ್ಟರಲ್ಲಿ ಮಣ್ಣು ಮಾಡಿ ಮೂರು ದಿನವಾಗಿತ್ತು. ತಗಡಿನ ಆಚೆ ಹೋಗಿ ನಾಗಮ್ಮನ ಎದುರು ಕೂತೆ. ಆಕೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಸುತಳಿ, ಬಣ್ಣದ ಕಾಗದ, ಬಸ್ಸು, ಬ್ಯಾಗು, ಸೌತೆಕಾಯಿಯನ್ನೂ ಬಿಡಲಿಲ್ಲ.

ಆಕೆಯ ಕೈ ಮೊರದ ಮೇಲೆ ನಿಂತಿತು. ಬೈದಿದ್ದರೆ ಬದುಕುತ್ತಿದ್ದೆ.

“ಈಗ ಯಾಕ ಬಂದೀರಿ ಅಕ್ಕೋರ?” ಎಂದಳು. “ಎಂಟು ವರ್ಷ ಮಾತಾಡಿಸಿಲ್ಲ ನಾ. ಮೊನ್ನಿ ಹೆಣ ಅಂಗಳದಾಗ ಮಲಗಿಸಿದ್ರು, ಬಾಗಲಾ ಹಾಕ್ಕೊಂಡು ಒಳಗ ಕುಂತೆ. ಇನ್ನ ಯಾರ ಮುಂದ ಹೋಗಿ ಮಾತಾಡ್ಲಿ?”

ಆಕೆ ಹೊಸ್ತಿಲ ಕಡೆ ಕೈ ತೋರಿಸಿದಳು.

“ಐತವಾರಕ್ಕೊಮ್ಮಿ ನಮ್ಮ ಹೊಸ್ತಿಲ ಮುಂದ ಮೀನ ಇಟ್ಟು ಹೋಗ್ತಿದ್ದ. ಎಲ್ಯಾಗ ಸುತ್ತಿ. ಒಂದ ಐತವಾರನೂ ತಪ್ಪಿಸಲಿಲ್ಲ.” ಆಕೆ ಮೊರ ಕೆಳಗಿಟ್ಟಳು. “ನನ್ನ ಮಕ್ಳು ಬರೇ ಖಾರ ರೊಟ್ಟಿ ತಿಂದ್ವು. ಅವ ಇಟ್ಟಿದ್ದು ಒಂದಿನಾನೂ ಒಳಗ ತರಲಿಲ್ಲ ನಾ. ಅವಗ ಕಾಣಬೇಕಂತ, ಅವನ ಕಣ್ಣ ಮುಂದ ನಾಯಿಗಿ ಹಾಕ್ತಿದ್ದೆ.”