ಕೇಳಿಯೇ ಒಳಗೆ ಹೋಗುತ್ತಿದ್ದ ದೊಡ್ಡಮ್ಮ

ನಮ್ಮ ದೊಡ್ಡಮ್ಮ ಅರಮನೆಯಲ್ಲಿದ್ದಳು ಎಂದರೆ ಜನ ಹುಬ್ಬೇರಿಸುತ್ತಾರೆ. ಇದ್ದದ್ದು ನಿಜ, ಧೂಳು ಒರೆಸಲು. ರಾಜರೆಲ್ಲ ತೀರಿಹೋಗಿ, ಅರಮನೆ ಟಿಕೆಟ್ ಕೊಂಡು ನೋಡುವ ಜಾಗವಾಗಿತ್ತು. ಹತ್ತು ಗಂಟೆಗೆ ಜನ ನುಗ್ಗುವ ಮುಂಚೆ ಮೇಲಂತಸ್ತಿನ ಕೋಣೆಗಳನ್ನೆಲ್ಲ ಅವಳು ಒರೆಸಿಡಬೇಕು. ಮಂಚದ ಕೆತ್ತನೆಗೆ ಕುಂಚ, ಕನ್ನಡಿಗೆ ಮೆತ್ತನೆಯ ಬಟ್ಟೆ; ಅದಲುಬದಲು ಮಾಡಿದವರ ಜನ್ಮ ಜಾಲಾಡುತ್ತಿದ್ದಳು. ಗಂಡ ಇರಲಿಲ್ಲ. ಅರಮನೆಯ ಹಿಂದಿನ ಎರಡು ಕೋಣೆಯ ಕ್ವಾರ್ಟರ್ಸು, ಮಗಳ ನರ್ಸಿಂಗ್ ಓದು ಎರಡೂ ಆ ಕೆಲಸದ ಮೇಲೇ ನಿಂತಿದ್ದವು.

ಅವಳದೊಂದು ಪದ್ಧತಿ. ಬೀಗ ತೆಗೆದರೂ ನೇರ ಒಳಗೆ ಹೋಗುವವಳಲ್ಲ. ಎರಡು ಸಲ ಬಾಗಿಲು ತಟ್ಟಿ, “ಒರೆಸೋಕೆ ಬಂದಿದ್ದೀನಿ, ಬರಲಾ?” ಎಂದು ಕೇಳಿ, ಒಂದು ಗಳಿಗೆ ನಿಂತು ಆಮೇಲೆ ಹೋಗುವುದು. ಕಾವಲಿನವರು ನಕ್ಕರೆ, “ಮನೆ ಅವರದು, ನಾವು ಕೆಲಸದೋರು. ಕೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ?” ಎನ್ನುತ್ತಿದ್ದಳು. ಇಪ್ಪತ್ತೆರಡು ವರ್ಷ ಕೇಳಿದ್ದಳು. ಯಾರೂ ಉತ್ತರ ಕೊಟ್ಟಿರಲಿಲ್ಲ.

ನನಗೆ ಹತ್ತು ವರ್ಷವಿದ್ದಾಗ ರಜೆಗೆಂದು ಅವಳಲ್ಲಿಗೆ ಹೋದೆವು. ಸ್ನಾನ, ತಿಂಡಿ ಎಂದು ನಾವೇ ಅವಳ ಬೆಳಗನ್ನು ತಿಂದುಹಾಕಿದೆವು. ಏಳಕ್ಕೆ ಹತ್ತುವ ಮೆಟ್ಟಿಲನ್ನು ಅವತ್ತು ನಮ್ಮನ್ನೆಲ್ಲ ಕಟ್ಟಿಕೊಂಡು ಎಂಟೂವರೆಗೆ ಹತ್ತಿದಳು. ಅಪ್ಪ, ಅಮ್ಮ ದರ್ಬಾರು ಹಾಲಿನ ದೀಪದ ಗೊಂಚಲು ನೋಡುತ್ತ ನಿಂತುಬಿಟ್ಟರು. ಒಳಗಿಂದ ಉತ್ತರ ಕೊಟ್ಟು ದೊಡ್ಡಮ್ಮನನ್ನು ಹೆದರಿಸೋಣ ಎಂದು ನನಗೆ ಹೊಳೆದದ್ದು ಆಗಲೇ.

ಅವಳು ಒರೆಸುತ್ತಿದ್ದ ಕೋಣೆಯಿಂದ ರಾಣಿಯ ಮಲಗುವ ಕೋಣೆಗೆ ಒಂದು ಒಳಬಾಗಿಲಿತ್ತು. ಮೆಲ್ಲಗೆ ನುಸುಳಿ ಪರದೆಯ ಹಿಂದೆ ನಿಂತೆ. ಕಿಟಕಿಯಿಂದ ಬಿಸಿಲು ಚೆನ್ನಾಗಿಯೇ ಬೀಳುತ್ತಿತ್ತು. ಮಂಚದ ಮೇಲೆ ಬಿಳಿ ಬಟ್ಟೆ ಹೊದಿಸಿತ್ತು. ಸ್ವಲ್ಪ ಹೊತ್ತಿಗೆ ಹೊರಗಿನ ಬಾಗಿಲಲ್ಲಿ ಬೀಗ ತೆಗೆದ ಸದ್ದು, ಎರಡು ಸಲ ತಟ್ಟಿದ್ದು. “ಒರೆಸೋಕೆ ಬಂದಿದ್ದೀನಿ, ಬರಲಾ?”

ನಗು ತಡೆಯಲು ಬಾಯಿ ಮುಚ್ಚಿಕೊಂಡಿದ್ದೆ. ಕೈ ತೆಗೆಯುವಷ್ಟರಲ್ಲಿ ಮಂಚದ ಕಡೆಯಿಂದ ಮುದುಕಿಯೊಬ್ಬಳ ಸಣ್ಣ ದನಿ ಬಂತು. ಅದರಲ್ಲಿ ಕೋಪವೇ ಇರಲಿಲ್ಲ.

“ಬಾಮ್ಮ. ಇವತ್ತು ತಡ ಆಯ್ತಲ್ಲ.”

ಬಿಳಿ ಬಟ್ಟೆ ಒಂದಿಷ್ಟೂ ಅಲುಗಲಿಲ್ಲ. ಹೊರಗೆ ಬೀಗದ ಕೈಗೊಂಚಲು ನೆಲಕ್ಕೆ ಬಿತ್ತು. ನಾನು ಬಂದ ಬಾಗಿಲಿನಿಂದಲೇ ಕಾಲಿಗೆ ಬುದ್ಧಿ ಹೇಳಿದೆ.

ಮೊಗಸಾಲೆಗೆ ಬಂದರೆ ದೊಡ್ಡಮ್ಮ ನೆಲದ ಮೇಲೆ ಕೂತಿದ್ದಳು. ಸದ್ದಿಗೆ ಓಡಿಬಂದ ಅಮ್ಮನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. “ಒಳಗಿಂದ ಮಾತಾಡಿದ್ರು ಕಣೇ. ನನ್ನ ಕೈಲಾಗಲ್ಲ. ಇವತ್ತೇ ಕೆಲಸ ಬಿಡ್ತೀನಂತ ಬರೆದುಕೊಡ್ತೀನಿ.”

“ಮಗಳ ಓದು ಇನ್ನೂ ಒಂದು ವರ್ಷ ಇದೆಯಲ್ಲ ಅಕ್ಕಾ. ಕ್ವಾರ್ಟರ್ಸ್ ಬಿಟ್ಟು ಎಲ್ಲಿಗೆ ಹೋಗ್ತೀಯ?”

ದೊಡ್ಡಮ್ಮ ಬೀಗದ ಕೈಗೊಂಚಲನ್ನು ಅತ್ತ ತಳ್ಳಿದಳು. ನಾನು ಅವಳ ಮುಂದೆ ಹೋಗಿ ನಿಂತೆ. “ನಾನೇ ದೊಡ್ಡಮ್ಮ,” ಎಂದೆ. “ಪರದೆ ಹಿಂದೆ ನಿಂತು ದನಿ ಬದಲಾಯಿಸಿ ಹೇಳಿದೆ.”

ಅಮ್ಮನ ಏಟು ಕೆನ್ನೆಗೆ ಬಿತ್ತು. ದೊಡ್ಡಮ್ಮ ಮೊದಲು ಅತ್ತಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಇಷ್ಟು ವರ್ಷ ಖಾಲಿ ಗೋಡೆ ಹತ್ರ ಅಪ್ಪಣೆ ಕೇಳ್ತಿದ್ನಲ್ಲ, ನನ್ನಂಥ ಪೆದ್ದಿ ಇದಾಳಾ?” ಎಂದು ಬಟ್ಟೆ, ಕುಂಚ ಎತ್ತಿಕೊಂಡು ನೇರ ಒಳಗೆ ಹೋದಳು. ಬೇಡ ಎಂದರೆ ನನ್ನ ಸುಳ್ಳು ಬಯಲಾಗುತ್ತಿತ್ತು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಅವಳಿಗೇನೂ ಆಗಲಿಲ್ಲ. ಮಗಳು ನರ್ಸ್ ಆದಳು. ದೊಡ್ಡಮ್ಮ ಇನ್ನೂ ಒಂಬತ್ತು ವರ್ಷ ದುಡಿದು ನಿವೃತ್ತಳಾದಳು. ನೆಂಟರು ಸೇರಿದಲ್ಲೆಲ್ಲ ನನ್ನ ತುಂಟತನದ ಕತೆ ಹೇಳಿ ನಗಿಸುತ್ತಾಳೆ. “ಆ ಮುದುಕಿ ದನಿ ಇನ್ನೊಂದ್ಸಲ ಮಾಡೇ,” ಎಂದರೆ ಮರೆತುಹೋಗಿದೆ ಎಂದು ಜಾರಿಕೊಳ್ಳುತ್ತಿದ್ದೆ.

ಮೊನ್ನೆ ಮೊಮ್ಮಕ್ಕಳ ಎದುರಿಗೆ ಹಟ ಹಿಡಿದಳು. ಹೇಗಾದರೂ ಆಗಲಿ ಎಂದು ಬಾಯಿ ತೆರೆದೆ. ಒಂದು ಅಕ್ಷರವೂ ಬರಲಿಲ್ಲ. ನನ್ನ ಮುಖ ನೋಡುತ್ತ ನೋಡುತ್ತ ದೊಡ್ಡಮ್ಮನ ನಗು ನಿಂತಿತು. ಮಕ್ಕಳನ್ನು ಆಚೆ ಆಡಿಕೊಳ್ಳಲು ಕಳಿಸಿದಳು.

“ಒಂಬತ್ತು ವರ್ಷ,” ಎಂದಳು ಮೆಲ್ಲಗೆ. “ಒಂಬತ್ತು ವರ್ಷ ಕೇಳದೇ ಒಳಗೆ ಹೋದ್ನಲ್ಲೇ.”